ಲಗೇಜ್ ಟಿಕೆಟ್

ಕಲಬುರಗಿ ಬಸ್‌ಸ್ಟ್ಯಾಂಡು, ಏಳೂ ನಲವತ್ತರ ಗಾಡಿ.
ಮೆಡಿಕಲ್ಲಿನ ಖಮರ್ ಭಾಯಿ ಓಡಿ ಬಂದು
ಥರ್ಮಾಕೋಲ್ ಡಬ್ಬಿ ನನ್ನ ಕಾಲ ಬುಡಕ ಇಟ್ಟ.
'ಬರ್ಫ ಹಾಕೀನಿ ಚಂದಮ್ಮಾ, ಯಾದಗಿರಿ ತನಕ ತಡೀತದ.
ಇಂಜಿನ್ ಬಾಜು ಇಡಬ್ಯಾಡ.'

ಒಳಗ ಒಂದೇ ಒಂದು ಸೂಜಿ. ಫ್ಲೂದ್ದು. ನಂದೇ.
ನಂದಾದ್ರೇನು, ಲಗೇಜು ಲಗೇಜೇ.
ನಾಲವಾರದಾಗ ಚೆಕಿಂಗಿನವ್ರು ಹತ್ತತಾರ.
ಹತ್ತು ರೂಪಾಯಿ ನನ್ನ ಕಿಸೇದಾಗಿಂದ ತಗದು
ಚೀಲಕ್ಕ ಹಾಕಿ ಟಿಕೆಟ್ ಹರದೆ.
ಡ್ರೈವರ್ ಮೊಗಲಪ್ಪ ಕನ್ನಡ್ಯಾಗ ನೋಡಿ ನಕ್ಕ:
'ಹೆಂಗಸರಿಗಿ ಫ್ರೀ ಅದಲ್ಲವಾ,
ಸೂಜಿ ಗಂಡಸೇನು?'

ಆರು ವರ್ಷ ಆತು.
ಮುಂಜಾನಿ ಎದ್ದರ ಬೆರಳು ಕಡಕ್ ರೊಟ್ಟಿ ಹಂಗ,
ಮಡಚಿದ್ರ ಮುರೀತಾವೇನೋ ಅನಸ್ತದ.
ಮುಟಗಿ ಕಟ್ಟಲಿಕ್ಕ ಒಂಬತ್ತು ಹೊಡೀಬೇಕು.
ಅತ್ತಿ ಅಂದ್ಳು, ವಾಯು.
ಡಿಪೋದಾಗ ಅಂದ್ರು, ನೆವ.
ಡಾಕ್ಟರ್ ಝರೀನಾ ರಕ್ತದ ಕಾಗದ ನೋಡಿ
ಬಾಳ ಹೊತ್ತು ಏನೇನೋ ಹೇಳಿದ್ರು.
ನನಗ ತಿಳದದ್ದು ಇಷ್ಟು:
ಪಾಸ್ ಇದ್ದವ್ರನ್ನೇ ಹಿಡದು
ನಡುದಾರ್ಯಾಗ ಇಳಸೋ ಚೆಕಿಂಗು,
ಅದೂ ನನ್ನ ಮೈಯಾಗೇ.

ಅವ್ರನ್ನ ಮಲಗಸಲಿಕ್ಕ ಐತ್ವಾರಕ್ಕೊಮ್ಮೆ ಆರು ಹಳದಿ ಗುಳಿಗಿ.
ಮಲಗಿದ್ರ ಬೆರಳು ಬಗ್ಗತಾವ, ಬಟನ್ ಒತ್ತತಾವ.
ಮಲಗಿದ್ರ ಖರೆ ಕಳ್ಳ ಹತ್ತಿದ್ರೂ
ಎದ್ದು ಕೇಳೋರಿಲ್ಲ.

ಶಹಾಬಾದದಾಗ ಒಬ್ಬ ಕೆಮ್ಮಿದ.
ವಾಡ್ಯಾಗ ಮೂರು ಮಂದಿ.
ಸಿಮೆಂಟಿನ ಧೂಳೋ ಜ್ವರಾನೋ
ಮಾರಿ ನೋಡಿ ಹೇಳ್ಲಿಕ್ಕ ಬರಲ್ಲ.
ಚಿಲ್ಲರ ಕೊಡೋ ಕೈಯಿಂದನೇ ಮೂಗು ಒರಸ್ಕೋತಾರ,
ಅದೇ ಕೈಯಿಂದ ಕಂಬಿ ಹಿಡೀತಾರ.
ಹ್ವಾದ ವರ್ಷ ಹಿಂಗೇ ಒಂದು ಕೆಮ್ಮು
ಟಿಕೆಟ್ ಇಲ್ಲದ ನನ್ನ ಕೂಡ ಮನಿತನಾ ಬಂದಿತ್ತು.
ಬರೇ ನೆಗಡಿ ಅಂದಿದ್ದೆ.
ಹನ್ನೊಂದು ದಿನ ದವಾಖಾನಿ, ಮೂಗಿಗಿ ನಳಿಗಿ,
ಬಾಜು ಮಂಚದ ಮುದುಕಿ ನನ್ನ ನೋಡಿ
ದಿನಾ ಕೇಳ್ತಿದ್ಳು: ಉಸಿರು ಅದೇನವಾ?

ಯಾದಗಿರಿ.
ಡಬ್ಬಿ ತಗದರ ಬರ್ಫ ಅರ್ಧ ನೀರಾಗಿತ್ತು,
ಸೂಜಿ ಥಣ್ಣಗ ಮಲಗಿತ್ತು.
ಎಸ್ತೇರಮ್ಮ ಸಿಸ್ಟರ್ ಕೇಳಿದ್ಳು:
'ಟಿಕೆಟ್ ಹರಿಯೋ ಕೈ ಯಾವ್ದು?'
'ಬಲಗೈ.'
'ಹಂಗಾರ ಎಡಗೈ ಕೊಡು.'
ಸೂಜಿ ಹಾಕ್ಕೊಂಡ್ರ ಬ್ಯಾನಿ ಏಳತದಂತಲ್ಲ, ಅಂದೆ.
ಡಾಕ್ಟರ್ ಸುಳ್ಳು ಹೇಳಲಿಲ್ಲ:
'ಸೂಜಿಗಿ ಏಳೂದು ಕಮ್ಮಿ. ಗುಳಿಗಿ ಬಿಟ್ಟದ್ದಕ್ಕ ಏಳಬಹುದು.
ಆದ್ರೂ ಎರಡು ಐತ್ವಾರ ಬಿಡು.
ಮಲಗಿದವ್ರಿಗಿ ಕಳ್ಳನ ಮಾರಿ ತೋರಸಿದ್ರ
ನೆನಪು ಉಳಿಯಲ್ಲ.'

ಗುಳಿಗಿಗಿ ಹೋಲ್ಡಾನ್.

ಮೊದಲ ಐತ್ವಾರ ಪರವಾಗಿಲ್ಲ.
ಎರಡನೇದ್ದು ದಾಟಿದ ಮುಂಜಾನಿ
ಹೆಬ್ಬೆಟ್ಟು ನಂದಲ್ಲ.
ಸೀರಿ ನಿರಿಗಿ ಮಗಳು ಹಿಡದಳು,
ಚಾದ ಬಸಿ ಎರಡೂ ಅಂಗೈಯಾಗ ಎತ್ತಿ ಕುಡದೆ.
ಗಾಡ್ಯಾಗ ನಿಂತವ್ರೇ ಐವತ್ತು ಮಂದಿ.
ಸನ್ನತಿಗಿ ಹೊಂಟಾಕಿ ಆಧಾರ್ ಹಿಡದು ನಿಂತಾಳ,
ಬಗಲಾಗಿನ ಕೂಸು ನನ್ನ ಮಾರಿ ಮ್ಯಾಲೇ ಕೆಮ್ಮತದ.
ಸೊನ್ನೆ ಟಿಕೆಟ್ ಕೊಡಬೇಕು.
ಒತ್ತಿದೆ. ಬಟನ್ ಕದಲಲಿಲ್ಲ.
ಗೆಣ್ಣಿನಿಂದ ಒತ್ತಿದೆ.
ಕಣ್ಣಾಗ ನೀರು ಬಂತು, ಟಿಕೆಟ್ ಬರಲಿಲ್ಲ.
ಆಕಿ ಕೂಸಿನ ಬಗಲು ಬದಲಿಸಿ
'ಯಾವ್ದು ಹೇಳಕ್ಕ, ನಾ ಒತ್ತತೀನಿ' ಅಂದ್ಳು.
ಹಸರದು, ಅಂದೆ.
ತನ್ನ ಟಿಕೆಟ್ ತಾನೇ ಹರಕೊಂಡ್ಳು.
ಹಿಂದಿನವ್ರದ್ದೂ ನಾಕು.

ಸೂಜಿದ್ದು ಇನ್ನಾ ನನ್ನ ಪರ್ಸಿನಾಗ ಅದ,
ಕಾಗದ ಬಿಸಲಿಗಿ ಕಪ್ಪಿಟ್ಟದ:
ಕಲಬುರಗಿ ಟು ಯಾದಗಿರಿ, ಲಗೇಜು ಒಂದು.
ಒಳಗಿನವ್ರು ಪಾಠ ಕಲತರೋ, ಬರೇ ಎದ್ದು ನನ್ನ ಬಡದರೋ,
ಕೇಳೋಣಂದ್ರ ಯಾವ ಸ್ಟಾಪಿನಾಗೂ ಕಂಟ್ರೋಲ್ ರೂಮಿಲ್ಲ.

ಕೂಸು ಮತ್ತ ಕೆಮ್ಮಿತು.
ಮಾರಿ ತಿರುವಲಿಲ್ಲ ನಾ.
ಸೀಟಿಗಿ ಬೆರಳು ಬೇಕಾಗಲ್ಲ, ತುಟಿ ಸಾಕು.
ಊದಿದೆ.